ಎಲ್ಲಿಂದ ಅಳೆಯಬೇಕು?

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ನಾಲ್ವರು ಈ ಶಾಲೆಯ ಒಂದೇ ವರ್ಗದಲ್ಲಿ ಕುಳಿತು ಕಲಿತವರು. ಅಕ್ಕಲಕೋಟ ತಾಲೂಕಿನ ಬೇರೆ ಬೇರೆ ಹಳ್ಳಿಗಳಿಂದ ಬಂದು, ಇಲ್ಲಿ ಹತ್ತನೆಯ ಇಯತ್ತೆ ಮುಗಿಸಿ, ಸೊಲ್ಲಾಪುರದಲ್ಲಿ ಎರಡು ವರುಷದ ಸಿವಿಲ್ ಡ್ರಾಫ್ಟ್ಸ್‌ಮನ್ ಶಿಕ್ಷಣ ಪಡೆದು, ಇಂದು ಕಟ್ಟಡಗಳ ನಕ್ಷೆ ತೆಗೆಯುವ ಕೆಲಸದಲ್ಲಿ ಅನ್ನ ಕಂಡುಕೊಂಡಿದ್ದೇವೆ. ವೇದಿಕೆಗೆ ಒಬ್ಬರೇ ಬಂದಿದ್ದರೂ ಮಾತು ನಾಲ್ವರದು. ಆದುದರಿಂದ ‘ನಾವು’ ಎಂದೇ ಮಾತನಾಡಲು ಸಭೆಯ ಅಪ್ಪಣೆ ಬೇಡುತ್ತೇವೆ.

ಇಂಥ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಬಾಲ್ಯದ ನೆನಪುಗಳನ್ನು ಹೇಳುವುದು ವಾಡಿಕೆ. ಆ ನೆನಪುಗಳು ನಮ್ಮಲ್ಲಿಯೂ ಉಂಟು. ಆದರೆ ಇಂದು ನಮ್ಮ ಕಸಬಿನ ಒಂದು ಸಂಗತಿಯನ್ನು ಮಾತ್ರ ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಅದರ ಹೆಸರು ಸಾಪೇಕ್ಷ ನಿರ್ದೇಶಾಂಕ. ಹೆಸರು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಒಂದು ವಸ್ತುವಿನ ಜಾಗವನ್ನು ಹತ್ತಿರದ ಇನ್ನೊಂದು ವಸ್ತುವಿನಿಂದ ಹೇಳುವ ಕ್ರಮ ಅದು. ಇದನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಒಂದಿದೆ; ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಒಂಬತ್ತನೆಯ ಇಯತ್ತೆಯಲ್ಲಿ ನಮ್ಮ ಗಣಿತದ ಗುರುಗಳು ಕಪ್ಪುಹಲಗೆಯ ಮೇಲೆ ಒಂದು ಅಡ್ಡ ಗೆರೆ, ಒಂದು ನೆಟ್ಟನೆಯ ಗೆರೆ ಎಳೆದರು. ಎರಡೂ ಕೂಡುವ ಜಾಗ ಮೂಲಬಿಂದು. ಅಲ್ಲಿಂದ ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂದು ಎರಡು ಅಂಕೆ ಹೇಳಿದರೆ ಹಲಗೆಯ ಮೇಲಿನ ಯಾವ ಬಿಂದುವನ್ನಾದರೂ ಗುರುತಿಸಬಹುದು ಎಂದರು. ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ವಿಚಾರ ಇದರ ಮೂಲ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕದಲ್ಲಿ ಅದನ್ನು ಓದಿದೆವು, ಪರೀಕ್ಷೆಯಲ್ಲಿ ಬರೆದೆವು, ಗುಣ ಪಡೆದೆವು. ಇದರಿಂದ ಹೊಟ್ಟೆಗೆ ಅನ್ನ ಬಂದೀತೆಂದು ಅಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ.

ಗಣಕಯಂತ್ರದ ಪರದೆಯ ಮೇಲೆ ಗೆರೆ ಎಳೆಯುವ ವಿದ್ಯೆ ಡೆಕಾರ್ಟನ ಆ ಎರಡು ಅಂಕೆಗಳ ಮೇಲೆಯೇ ನಿಂತಿದೆ. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲ್ಯಾಂಡ್ 1963ರಲ್ಲಿ ‘ಸ್ಕೆಚ್‌ಪ್ಯಾಡ್’ ಎಂಬುದನ್ನು ರಚಿಸಿ, ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಚಿತ್ರ ಬರೆಯಬಹುದೆಂದು ತೋರಿಸಿಕೊಟ್ಟರು. ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಯುವ ‘ಆಟೋಕ್ಯಾಡ್’ 1982ರಲ್ಲಿ ಹೊರಬಂತು. ಇಂದು ಹಳ್ಳಿಯ ಮನೆಯ ನಕ್ಷೆಯೂ ಬಹುಮಟ್ಟಿಗೆ ಇಂಥ ಸಾಧನದಿಂದಲೇ ಸಿದ್ಧವಾಗುತ್ತದೆ.

ಈಗ ಒಂದು ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಒಂಬತ್ತು ಇಂಚಿನ ಗೋಡೆ, ನಮ್ಮ ಲೆಕ್ಕದಲ್ಲಿ 230 ಮಿಲಿಮೀಟರ್. ನಕ್ಷೆಯಲ್ಲಿ ಆ ಕೋಣೆಯ ನೈರುತ್ಯದ ಹೊರಮೂಲೆ 12500,8400 ಎಂಬಲ್ಲಿ ಬಿದ್ದಿದೆ. ದಕ್ಷಿಣದ ಗೋಡೆಯಲ್ಲಿ ಒಳಮೂಲೆಯಿಂದ 900 ಮಿಲಿಮೀಟರ್ ಬಿಟ್ಟು 1200 ಅಗಲದ ಕಿಟಕಿ ಇಡಬೇಕು. ಎಲ್ಲವನ್ನೂ ಮೂಲಬಿಂದುವಿನಿಂದಲೇ ಹೇಳುವುದಾದರೆ ಲೆಕ್ಕ ಹೀಗೆ: 12500ಕ್ಕೆ ಗೋಡೆಯ 230 ಕೂಡಿಸಬೇಕು, ಅದಕ್ಕೆ 900 ಕೂಡಿಸಬೇಕು, 13630 ಬರುತ್ತದೆ. ಮೇಲ್ಮುಖವಾಗಿ 8400ಕ್ಕೆ 230 ಕೂಡಿಸಿ 8630. ಕಿಟಕಿಯ ಮೊದಲ ಅಂಚು 13630,8630. ಇದು ನಿರಪೇಕ್ಷ ಕ್ರಮ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮನೆಗೆ ಇಂಥ ನೂರಾರು ಬಿಂದುಗಳು. ಪ್ರತಿಯೊಂದಕ್ಕೂ ಹೀಗೆ ಕೂಡಿಸುತ್ತ ಕುಳಿತರೆ ಎಲ್ಲೋ ಒಂದು ಕಡೆ ಅಂಕೆ ತಪ್ಪುವುದು ಖಂಡಿತ. ಮೇಲಾಗಿ 13630 ಎಂಬ ಅಂಕೆಯನ್ನು ನೋಡಿ ಅದು ಮೂಲೆಯಿಂದ 900 ಎಂದು ಯಾರಿಗೂ ತಿಳಿಯದು.

ಸಾಪೇಕ್ಷ ಕ್ರಮದಲ್ಲಿ ‘ಆ್ಯಟ್’ ಎಂಬ ಚಿಹ್ನೆ ಒತ್ತಿ @900,0 ಎಂದು ಬರೆದರೆ ಸಾಕು. ‘ಈಗ ನಾನಿರುವ ಬಿಂದುವಿನಿಂದ ಬಲಕ್ಕೆ 900, ಮೇಲಕ್ಕೆ ಏನೂ ಇಲ್ಲ’ ಎಂದು ಅದರ ಅರ್ಥ. @0,-230 ಎಂದರೆ ಅಲ್ಲಿಂದ ಕೆಳಕ್ಕೆ ಗೋಡೆಯ ದಪ್ಪದಷ್ಟು. ಓರೆಯಾಗಿ ಹೋಗಬೇಕಾದರೆ ದೂರ ಮತ್ತು ಕೋನ: @1200<45. ಕೋನವನ್ನು ಪೂರ್ವದಿಕ್ಕಿನಿಂದ ಆರಂಭಿಸಿ ಗಡಿಯಾರದ ಮುಳ್ಳಿಗೆ ಎದುರಾಗಿ ಎಣಿಸುವುದು ರೂಢಿ. ಪೂರ್ವ 0, ಉತ್ತರ 90, ಪಶ್ಚಿಮ 180, ದಕ್ಷಿಣ 270.

ಹತ್ತಿರದಿಂದ ಅಳೆಯುವುದರ ಬೆಲೆ ದೂರದ ಅಂಕೆಗಳನ್ನು ಕಂಡಾಗ ತಿಳಿಯುತ್ತದೆ. ಭೂಪಟದ ಯುಟಿಎಂ ಪದ್ಧತಿಯಲ್ಲಿ ಸೊಲ್ಲಾಪುರವೂ ಅಕ್ಕಲಕೋಟವೂ 43ನೆಯ ವಲಯದಲ್ಲಿವೆ. ಅಲ್ಲಿ ಉತ್ತರದ ಅಳತೆಯನ್ನು ಸಮಭಾಜಕ ವೃತ್ತದಿಂದ ಹಿಡಿಯುತ್ತಾರೆ. ನಮ್ಮ ಊರಿಗೆ ಅದು ಹತ್ತೊಂಬತ್ತು ಲಕ್ಷ ಮೀಟರಿಗೂ ಹೆಚ್ಚು. ದೇಶ ದೇಶಗಳ ನಕ್ಷೆಗಳನ್ನು ಜೋಡಿಸುವವರಿಗೆ ಆ ಅಂಕೆ ಬೇಕೇ ಬೇಕು. ಆದರೆ ಅಕ್ಕಲಕೋಟದ ಪೇಟೆಯಲ್ಲಿ ಒಂದು ಕಿಟಕಿ ಇಡುವುದಕ್ಕೆ ಸಮಭಾಜಕ ವೃತ್ತದಿಂದ ಟೇಪು ಹಿಡಿದು ಬರುವವರಿಲ್ಲ.

ನಮ್ಮ ಜನ ಈ ಕ್ರಮವನ್ನು ಯಂತ್ರಕ್ಕಿಂತ ಎಷ್ಟೋ ಮೊದಲೇ ಬಲ್ಲವರು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಊರಿನ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರೆಂಬುದು ನಮ್ಮ ಪರಂಪರೆ. ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಆ ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಅವುಗಳ ಹಿಂದೆ ನಡೆಯುವವರನ್ನು ಕೇಳಿ ನೋಡಿರಿ: ಈ ಲಿಂಗವಾದ ಮೇಲೆ ಇಷ್ಟು ನಡೆದು ಎಡಕ್ಕೆ ಹೊರಳಿದರೆ ಮುಂದಿನದು ಎಂದೇ ಹೇಳುತ್ತಾರೆ. ಸೊಲ್ಲಾಪುರದಿಂದ ಅಕ್ಕಲಕೋಟ ಎಲ್ಲಿ ಎಂದು ಕೇಳಿದರೆ, ಮೂಡಣಕ್ಕೆ ಹೋಗುತ್ತ ತುಸು ತೆಂಕಣಕ್ಕೆ ವಾಲಿದರೆ ನೇರ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ಎನ್ನುತ್ತೇವೆ. ದೂರ ಮತ್ತು ದಿಕ್ಕು, ಎರಡೇ ಮಾತು. ಇದೂ ಸಾಪೇಕ್ಷ ನಿರ್ದೇಶಾಂಕವೇ.

ಹಾಗಾದರೆ ಇದರಲ್ಲಿ ಕಠಿಣವಾದುದು ಯಾವುದು? ಅದನ್ನು ನಮಗೆ ಕಲಿಸಿದವರು ಕಾಲೇಜಿನವರಲ್ಲ, ಒಬ್ಬ ಗೌಂಡಿಕಾಕಾ.

ಕೆಲಸಕ್ಕೆ ಸೇರಿದ ಮೊದಲ ವರುಷ. ಸೊಲ್ಲಾಪುರದ ಹೊರವಲಯದಲ್ಲಿ ಒಂದು ಮನೆ ಏಳುತ್ತಿತ್ತು. ಅದರ ನಕ್ಷೆ ನಮ್ಮಲ್ಲಿ ಒಬ್ಬರ ಕೈಯದು. ಮೇಲೆ ಹೇಳಿದ ಕಿಟಕಿಯೇ ಆ ಮನೆಯ ಕಿಟಕಿ. ಮೂಲೆಯ 900 ಮಿಲಿಮೀಟರ್ ಜಾಗದಲ್ಲಿ 750 ಅಗಲದ ಕಪಾಟು ಇಡಬೇಕೆಂದು ಮನೆಯೊಡತಿಯ ಅಪೇಕ್ಷೆ. ಗೋಡೆ ಕಿಟಕಿಯ ಮಟ್ಟಕ್ಕೆ ಬರುವ ಮುನ್ನ ಗೌಂಡಿಕಾಕಾ ನಕ್ಷೆಯನ್ನು ಇಟ್ಟಿಗೆಯ ಮೇಲೆ ಹರವಿ ನಮ್ಮನ್ನು ಕರೆದರು. ಅಕ್ಕಲಕೋಟದ ಕಡೆಯವರು, ಸಹಿ ಮಾಡುವಷ್ಟು ಮಾತ್ರ ಬರಹ ಬಲ್ಲವರು.

“ತಮ್ಮಾ, ಮನಿಯವ್ರು ಒಂಬೈನೂರು ಅಂತಾರ. ನಿನ್ನ ಕಾಗದದಾಗ ಆರನೂರಾ ಎಪ್ಪತ್ತು ಬರದೈತಿ. ಎಲ್ಲಿಂದ ಹಿಡೀಲಿ? ಗ್ವಾಡಿ ಒಳಗಿಂದೋ, ಹೊರಗಿಂದೋ?”

“ಒಳಗಿಂದ ಕಾಕಾ, ಒಂಬೈನೂರು.”

“ಹಂಗಾದ್ರ ನೀ ಹೊರಗಿಂದ ಹಿಡದೀಯಪಾ. ನೋಡು, ಆರನೂರಾ ಎಪ್ಪತ್ತಕ್ಕ ಗ್ವಾಡಿ ಕೂಡಿಸು.”

ಕೂಡಿಸಿದೆವು. 670ಕ್ಕೆ 230 ಕೂಡಿಸಿದರೆ ಸರಿಯಾಗಿ 900. ಕಚೇರಿಗೆ ಮರಳಿ ನೋಡಿದಾಗ ತಪ್ಪು ತಿಳಿಯಿತು. ‘ಆ್ಯಟ್’ ಎಂದರೆ ಯಂತ್ರವು ತಾನು ಕೊನೆಯದಾಗಿ ಗುರುತಿಸಿದ ಬಿಂದುವಿನಿಂದ ಅಳೆಯುತ್ತದೆ. ನಮ್ಮ ಮನಸ್ಸಿನಲ್ಲಿದ್ದ ಬಿಂದು ಒಳಮೂಲೆ. ಆದರೆ ಕಿಟಕಿಗೆ ಕೈ ಹಾಕುವ ಮುನ್ನ ಹೊರಮೂಲೆಯಲ್ಲಿ ಕಂಬದ ಗುರುತೊಂದನ್ನು ಇಟ್ಟಿದ್ದೆವು. ಯಂತ್ರದ ನೆನಪಿನಲ್ಲಿದ್ದ ಕೊನೆಯ ಬಿಂದು ಅದು. @900,0 ಎಂದೆವು. ಯಂತ್ರ ಹೇಳಿದಂತೆಯೇ ಮಾಡಿತು. ಗೆರೆ ನೆಟ್ಟಗಿತ್ತು, ಕಿಟಕಿ ಗೋಡೆಯಲ್ಲೇ ಕುಳಿತಿತ್ತು, ಪರದೆಯ ಮೇಲೆ ಎಲ್ಲವೂ ಅಂದವಾಗಿಯೇ ಕಾಣುತ್ತಿತ್ತು. 900 ಎಂಬ ಅಂಕೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಎಲ್ಲಿಂದ ಎಂಬುದರಲ್ಲಿ. ಕಾಕಾ ಆ ಪ್ರಶ್ನೆ ಕೇಳದೆ ಹೋಗಿದ್ದರೆ 750ರ ಕಪಾಟು 670ರ ಜಾಗದ ಮುಂದೆ ನಿಂತಿರುತ್ತಿತ್ತು.

ಅಂದಿನಿಂದ ನಾವು ನಾಲ್ವರೂ ‘ಫ್ರಾಮ್’ ಎಂಬ ಆಜ್ಞೆಯನ್ನು ತಪ್ಪದೆ ಬಳಸುತ್ತೇವೆ. ಗೆರೆ ಆರಂಭಿಸಿದ ಕೂಡಲೆ ‘ಫ್ರಾಮ್’ ಎಂದರೆ, ಯಂತ್ರವು ಯಾವ ಬಿಂದುವಿನಿಂದ ಎಂದು ಕೇಳುತ್ತದೆ. ಒಳಮೂಲೆಯನ್ನು ಕೈಯಾರೆ ತೋರಿಸಬೇಕು. ಆಮೇಲೆ @900,0. ಇಲ್ಲಿ ಯಂತ್ರದ ನೆನಪಿನ ಮೇಲೆ ಭಾರ ಹಾಕುವುದಿಲ್ಲ. ಆಧಾರಬಿಂದುವನ್ನು ನಾವೇ ಹೆಸರಿಸುತ್ತೇವೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಇನ್ನೊಂದು ಮಾತು. ಈಚಿನ ಆವೃತ್ತಿಗಳಲ್ಲಿ ‘ಡೈನಾಮಿಕ್ ಇನ್‌ಪುಟ್’ ಚಾಲೂ ಇದ್ದರೆ ಗೆರೆಯ ಎರಡನೆಯ ಬಿಂದುವಿನಿಂದ ಮುಂದಿನ ಅಂಕೆಗಳನ್ನೆಲ್ಲ ಯಂತ್ರವು ‘ಆ್ಯಟ್’ ಇಲ್ಲದೆಯೇ ಸಾಪೇಕ್ಷವೆಂದು ತಿಳಿಯುತ್ತದೆ. ಮೂಲಬಿಂದುವಿನಿಂದ ಬೇಕಾದರೆ ಅಂಕೆಯ ಹಿಂದೆ # ಹಾಕಬೇಕು. ಎಫ್12 ಒತ್ತಿದರೆ ಆ ಸೌಲಭ್ಯ ನಿಲ್ಲುತ್ತದೆ. ಒಂದೇ ಅಂಕೆ ಎರಡು ಕಂಪ್ಯೂಟರಿನಲ್ಲಿ ಎರಡು ಕಡೆ ಹೋಗಿ ಕುಳಿತರೆ ಮೊದಲು ಇದನ್ನು ನೋಡಿರಿ.

ಎರಡನೆಯ ಪಾಠ ಪಾವಟಿಗೆಗಳಿಂದ ಬಂತು. ಒಂದು ಅಂತಸ್ತಿನ ಎತ್ತರ 3150 ಮಿಲಿಮೀಟರ್, ಪಾವಟಿಗೆ 19. ಭಾಗಿಸಿದರೆ ಒಂದಕ್ಕೆ 165.79 ಬರುತ್ತದೆ. ಸುಲಭವಾಗಲೆಂದು 166 ಎಂದು ಹಿಡಿದು, ಒಂದರ ತುದಿಯಿಂದ ಮುಂದಿನದನ್ನು ಅಳೆಯುತ್ತ ಹೋದರೆ ಹತ್ತೊಂಬತ್ತನೆಯದು 3154ಕ್ಕೆ ಮುಟ್ಟುತ್ತದೆ. ನಾಲ್ಕು ಮಿಲಿಮೀಟರ್ ಹೆಚ್ಚು. ಒಂದೊಂದು ಹೆಜ್ಜೆಯ ತಪ್ಪು ಕೂದಲೆಳೆಯಷ್ಟು, ಆದರೆ ಪ್ರತಿಯೊಂದೂ ಮುಂದಿನದರ ಹೆಗಲೇರಿ ಕೂಡುತ್ತದೆ. ಅದೇ ಕೆಳಗಿನ ನೆಲದಿಂದಲೇ ಪ್ರತಿಯೊಂದರ ಎತ್ತರವನ್ನು ಹೇಳಿದರೆ ತಪ್ಪು ಆಯಾ ಪಾವಟಿಗೆಯಲ್ಲೇ ಉಳಿಯುತ್ತದೆ, ಬೆಳೆಯುವುದಿಲ್ಲ. ಆದುದರಿಂದ ಹತ್ತಿರದಿಂದ ಅಳೆಯಬೇಕು ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು: ಹತ್ತಿರದ ಬಿಂದು ಅಲುಗಾಡದ ಬಿಂದುವೂ ಆಗಿರಬೇಕು. ಆಗತಾನೆ ದಾಟಿ ಬಂದ ಬಿಂದು ಎಷ್ಟೇ ಹತ್ತಿರವಿದ್ದರೂ ಅದು ಆಧಾರವಾಗಲಾರದು.

ನಮ್ಮ ಹೊಲಗಳ ಮೋಜಣಿ ಮಾಡಿದವರಿಗೆ ಇದು ಗೊತ್ತಿತ್ತು. ಮುಂಬಯಿ ಪ್ರಾಂತದ ಮೋಜಣಿಯಲ್ಲಿ 33 ಅಡಿಯ ಸರಪಳಿ ನಡೆಯುತ್ತಿತ್ತು. 33 ಅಡಿ ಉದ್ದ, 33 ಅಡಿ ಅಗಲದ ಚೌಕವೆ ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಹೊಲದ ಬದು ಹಾವಿನಂತೆ ಸುತ್ತಿದರೂ ಸರಪಳಿಯನ್ನು ಬದುವಿನ ಮೇಲೆ ಸುತ್ತಿಸುವುದಿಲ್ಲ. ಹೊಲದ ನಡುವೆ ಒಂದು ನೇರ ಗೆರೆ ಹಿಡಿದು, ಬದುವಿನ ಪ್ರತಿ ತಿರುವಿಗೂ ಆ ಗೆರೆಯಿಂದ ಲಂಬವಾಗಿ ಎಷ್ಟು ದೂರ ಎಂದು ಬರೆದುಕೊಳ್ಳುವುದು ಮೋಜಣಿಯ ಕ್ರಮ. ಗೆರೆಯ ಮೇಲೆ ಇಷ್ಟು, ಗೆರೆಯಿಂದ ಆಚೆಗೆ ಇಷ್ಟು. ನಮ್ಮ ಪರದೆಯ ಮೇಲಿನ ಎರಡು ಅಂಕೆಗಳು ಅಜ್ಜಂದಿರ ಹೊಲದಲ್ಲಿ ಮೊದಲೇ ಬಿದ್ದಿದ್ದವು.

ಹಳೆಯ ಪೇಟೆಗಳ ಜಾಗಗಳು ದಿಕ್ಕಿಗೆ ಸರಿಯಾಗಿರುವುದಿಲ್ಲ. ಓಣಿ ಓರೆ, ಅದರ ಜೊತೆ ಗೋಡೆಯೂ ಓರೆ. ಅಂಥಲ್ಲಿ @900,0 ಎಂದರೆ ಗೆರೆ ಗೋಡೆಯನ್ನು ಬಿಟ್ಟು ಓಣಿಗೆ ಇಳಿಯುತ್ತದೆ. ಅದಕ್ಕೆ ಅಕ್ಷಗಳನ್ನೇ ಎತ್ತಿ ಆ ಜಾಗದ ಮೂಲೆಯಲ್ಲಿಟ್ಟು, ಗೋಡೆಯ ಗುಂಟ ತಿರುಗಿಸಿಕೊಳ್ಳುವ ಸೌಲಭ್ಯ ಯಂತ್ರದಲ್ಲಿದೆ. ‘ಯುಸಿಎಸ್’ ಎಂದು ಅದನ್ನು ಕರೆಯುತ್ತಾರೆ. ಆಗ ಬಲ ಎಂದರೆ ಆ ಗೋಡೆಯ ಬಲ, ಮೇಲೆ ಎಂದರೆ ಆ ಗೋಡೆಗೆ ಲಂಬ. ಇದರಿಂದ ಊರಿನ ನಕ್ಷೆಯೇನೂ ಕೆಡುವುದಿಲ್ಲ. ಕೆಲಸ ಮುಗಿದ ಮೇಲೆ ಮೂಲ ಅಕ್ಷಕ್ಕೆ ಮರಳಿದರೆ ಎಲ್ಲವೂ ತನ್ನ ಜಾಗದಲ್ಲಿಯೇ ಇರುತ್ತದೆ.

ಪಾಲಕರೆ, ಈಗ ನಿಮ್ಮೊಡನೆ ಎರಡು ಮಾತು. ಮಗುವನ್ನು ಕನ್ನಡ ಶಾಲೆಗೆ ಹಾಕಿದರೆ ಮುಂದೆ ತಾಂತ್ರಿಕ ಶಿಕ್ಷಣದಲ್ಲಿ ಹಿಂದೆ ಬೀಳುತ್ತದೆಯೆ ಎಂಬ ಅಳುಕು ನಿಮ್ಮಲ್ಲಿ ಇರುವುದು ಸಹಜ. ಸುಳ್ಳು ಧೈರ್ಯ ಹೇಳಲು ನಾವು ಬಂದಿಲ್ಲ. ಸೊಲ್ಲಾಪುರಕ್ಕೆ ಹೋದ ಮೊದಲ ತಿಂಗಳುಗಳು ನಮಗೆ ಕಷ್ಟದವೇ ಆಗಿದ್ದವು. ಪಾಠ ಮರಾಠಿಯಲ್ಲಿ, ಪರದೆಯ ಮೇಲಿನ ಆಜ್ಞೆಗಳು ಇಂಗ್ಲಿಷಿನಲ್ಲಿ. ಮರಾಠಿ ಓಣಿಯಲ್ಲಿ ಆಡುತ್ತ ಬಂದ ಭಾಷೆ, ಬೇಗನೆ ಒಲಿಯಿತು. ಇಂಗ್ಲಿಷು ಕಾಡಿತು. ಆಗ ನಾಲ್ವರೂ ಕೂಡಿ ಒಂದು ವಹಿ ಮಾಡಿದೆವು. ಆಫ್‌ಸೆಟ್: ಇಷ್ಟು ದೂರದಲ್ಲಿ ಸಮಾಂತರ ಗೆರೆ. ಟ್ರಿಮ್: ದಾಟಿ ಹೋದದ್ದನ್ನು ಕತ್ತರಿಸು. ಎಕ್ಸ್‌ಟೆಂಡ್: ಮುಟ್ಟುವ ತನಕ ಬೆಳೆಸು. ಫಿಲೆಟ್: ಎರಡು ಗೆರೆಗಳ ಮೂಲೆ ಕೂಡಿಸು. ಹೀಗೆ ಪ್ರತಿ ಆಜ್ಞೆಯ ಎದುರು ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ ಬರೆದುಕೊಂಡೆವು. ಶಬ್ದ ಹೊಸತಾಗಿತ್ತು, ಅದರ ಹಿಂದಿನ ತಿಳಿವಳಿಕೆ ಹೊಸತಾಗಿರಲಿಲ್ಲ. ಸಮಾಂತರ, ಲಂಬ, ಕೋನ, ಮೂಲಬಿಂದು ಇವೆಲ್ಲ ನಮ್ಮ ಗುರುಗಳು ಕಪ್ಪುಹಲಗೆಯ ಮೇಲೆ ತಿಳಿಯಾಗಿ ಕಲಿಸಿದ್ದ ವಿಷಯಗಳು. ಅರ್ಥ ತಿಳಿದಿದ್ದವನಿಗೆ ಶಬ್ದ ಕಲಿಯಲು ಕೆಲವು ತಿಂಗಳು ಸಾಕು. ಶಬ್ದ ಮಾತ್ರ ಬಾಯಿಪಾಠ ಮಾಡಿದವನಿಗೆ ಅರ್ಥ ಕಲಿಯಲು ಎಷ್ಟು ಕಾಲ ಬೇಕಾದೀತು ಎಂಬುದನ್ನು ನಾವು ಕೆಲಸದಲ್ಲಿ ಕಂಡಿದ್ದೇವೆ. ಆದರೂ ಶಾಲೆಗೆ ಒಂದು ವಿನಂತಿ: ಇಂಗ್ಲಿಷಿನ ತಾಂತ್ರಿಕ ಶಬ್ದಗಳನ್ನು ಒಂಬತ್ತು, ಹತ್ತನೆಯ ಇಯತ್ತೆಗಳಲ್ಲಿಯೇ ಕನ್ನಡದ ಅರ್ಥದೊಡನೆ ಪರಿಚಯಿಸಿರಿ. ನಮಗಾದ ಕಷ್ಟ ಮುಂದಿನವರಿಗೆ ಆಗದಿರಲಿ. ಆ ವಹಿಯನ್ನು ಇಂದು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದೇವೆ.

ಇನ್ನು, ಆರಂಭದಲ್ಲಿ ಹೇಳುತ್ತೇವೆಂದ ಕಾರಣ. ನೂರು ವರುಷ ಕಂಡ ಈ ಶಾಲೆಯ ಹಳೆಯ ಕಟ್ಟಡಕ್ಕೆ ಅಳತೆಯ ನಕ್ಷೆ ಇಲ್ಲ. ಕಪಾಟುಗಳನ್ನು ಹುಡುಕಿಸಿದೆವು, ಸಿಗಲಿಲ್ಲ. ಪಡಸಾಲೆಯ ಮಾಡು ದುರಸ್ತಿಗೆ ಬಂದಿದೆ ಎಂದು ಆಡಳಿತ ಮಂಡಳಿಯವರು ತಿಳಿಸಿದ್ದಾರೆ. ದುರಸ್ತಿ ಆಗಲೇಬೇಕು, ಮಕ್ಕಳ ತಲೆಯ ಮೇಲಿನ ಸೂರು ಗಟ್ಟಿಯಾಗಿರಬೇಕು. ಆದರೆ ಒಂದು ಕಲ್ಲು ಕದಲುವ ಮುನ್ನ ಇದ್ದದ್ದು ಇದ್ದಂತೆ ನಕ್ಷೆಯಾಗಲಿ ಎಂಬುದು ನಮ್ಮ ಬೇಡಿಕೆ. ಒಮ್ಮೆ ಕೆಡವಿದ ಗೋಡೆ ಎಲ್ಲಿತ್ತೆಂದು ಆಮೇಲೆ ಯಾರೂ ಅಳೆಯಲಾರರು.

ಆ ಕೆಲಸವನ್ನು ಒಂಬತ್ತು, ಹತ್ತನೆಯ ಇಯತ್ತೆಯ ಮಕ್ಕಳ ಕೈಯಿಂದಲೇ ಮಾಡಿಸೋಣ. ರವಿವಾರಗಳಂದು ನಾವು ನಾಲ್ವರೂ ಬರುತ್ತೇವೆ. ಮುಖ್ಯ ಬಾಗಿಲಿನ ಹೊಸ್ತಿಲ ಕಲ್ಲಿನ ಎಡತುದಿ ನಮ್ಮ ಆಧಾರಬಿಂದುವಾಗಲಿ. ದುರಸ್ತಿಯಲ್ಲಿಯೂ ಆ ಕಲ್ಲನ್ನು ಕದಲಿಸದಿರಲಿ. ಅಲ್ಲಿಂದ ಪಡಸಾಲೆಯ ಉದ್ದಕ್ಕೂ ಒಂದು ದಾರ ಕಟ್ಟೋಣ. ಟೇಪಿನ ಸೊನ್ನೆಯನ್ನು ಆ ಕಲ್ಲಿಗೆ ಹಿಡಿದು, ಅದನ್ನು ಸರಿಸದೆ, ಪ್ರತಿ ಕಂಬ, ಪ್ರತಿ ಬಾಗಿಲಿನ ಅಂಕೆಯನ್ನು ಓದಿ ಬರೆಯೋಣ. ಹಳೆಯ ಕೋಣೆಗಳ ಮೂಲೆಗಳು ಕಾಟಕೋನವಾಗಿರುತ್ತವೆಂದು ನಂಬುವಂತಿಲ್ಲ. ಅದಕ್ಕೆ ಪ್ರತಿ ಕೋಣೆಯ ನಾಲ್ಕು ಗೋಡೆಗಳ ಜೊತೆಗೆ ಎರಡು ಕರ್ಣಗಳನ್ನೂ ಅಳೆಯಬೇಕು. ನಕ್ಷೆಯಲ್ಲಿ ತಿಳಿದಿರುವ ಎರಡು ಮೂಲೆಗಳಿಂದ ಆ ದೂರಗಳ ವೃತ್ತಗಳನ್ನು ಎಳೆದರೆ, ಕೋಣೆಯ ಒಳಬದಿಗೆ ಅವು ಕತ್ತರಿಸುವ ಜಾಗವೇ ಮೂರನೆಯ ಮೂಲೆ. ವೃತ್ತ, ಕರ್ಣ, ನಿರ್ದೇಶಾಂಕ ಎಲ್ಲವೂ ಪುಸ್ತಕದಲ್ಲಿವೆ. ಒಮ್ಮೆ ಪಡಸಾಲೆಗೆ ಇಳಿದು ಬಂದರೆ ಮಕ್ಕಳು ಅವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಮುಂಬಯಿಯಿಂದ ಅಳೆದರೆ ನಮ್ಮ ಊರು ಒಂದು ಅಂಚು. ಬೆಂಗಳೂರಿನಿಂದ ಅಳೆದರೆ ಇನ್ನೊಂದು ಅಂಚು. ಎರಡೂ ಅಂಕೆಗಳು ನಿಜವೇ, ಅವುಗಳ ಮೇಲೆ ನಮಗೆ ದೂರಿಲ್ಲ. ಆದರೆ ಇಲ್ಲಿ ಕಲಿತ ಸಾವಿರಾರು ಮಕ್ಕಳು ತಾವು ಎಷ್ಟು ದೂರ ನಡೆದೆವು ಎಂದು ನೋಡಿಕೊಳ್ಳುವುದು ಈ ಹೊಸ್ತಿಲಿನಿಂದ. ನಾವು ನಾಲ್ವರೂ ಹಾಗೆಯೇ ನೋಡಿಕೊಂಡವರು. ಆ ಕಲ್ಲು ಇದ್ದಲ್ಲಿಯೇ ಇರಲಿ, ಅದರ ಜಾಗ ಕಾಗದದ ಮೇಲೂ ದಾಖಲಾಗಲಿ. ಮೊದಲ ರವಿವಾರ ಬೆಳಿಗ್ಗೆ ಟೇಪು ಹಿಡಿದು ಬರುತ್ತೇವೆ. ಇನ್ನೊಂದು ತುದಿ ಹಿಡಿಯಲು ಮಕ್ಕಳನ್ನು ಕಳುಹಿಸಿಕೊಡಿರಿ.